ಪಂತೆಲಿಸ್ ಬಚ್ಚಿಟ್ಟ ಕಡಲತೀರ

ನಮ್ಮ ದ್ವೀಪದಲ್ಲಿ ನೋಡಲೇಬೇಕಾದ ಕಡಲತೀರಗಳು ಹನ್ನೊಂದು ಎಂದು ಪುರಸಭೆಯ ಕೈಪಿಡಿ ಹೇಳುತ್ತದೆ. ಅದನ್ನು ಬರೆದವನು ನಾನೇ. ನಿವೃತ್ತ ಮೇಷ್ಟರಿಗೆ ಇಂಥ ಗೌರವಗಳು ತಪ್ಪುವುದಿಲ್ಲ. ಹನ್ನೆರಡನೆಯದೊಂದಿದೆ. ಮೂವತ್ತು ವರ್ಷ ಅದನ್ನು ಬಚ್ಚಿಟ್ಟವನು ನನ್ನ ಗೆಳೆಯ, ದೋಣಿಯ ಪಂತೆಲಿಸ್. ಅವನನ್ನು ಮಣ್ಣು ಮಾಡಿದ ದಿನವೇ ಅದನ್ನು ಊರಿಗೆಲ್ಲ ಸಾರಿದವನು ನಾನು.

ಬೇಸಿಗೆಯಲ್ಲಿ ಅವನು ಪ್ರವಾಸಿಗರನ್ನು ದೋಣಿಯಲ್ಲಿ ತೀರದಿಂದ ತೀರಕ್ಕೆ ಒಯ್ಯುತ್ತಿದ್ದ. ಕೈಪಿಡಿಯ ಮೊದಲ ತೀರದಲ್ಲಿ ಸಾಲುಗಟ್ಟಿದ ಮಲಗುಕುರ್ಚಿಗಳನ್ನು ನೋಡಿ, “ನಮ್ಮ ಸ್ಮಶಾನದಲ್ಲೂ ಇಷ್ಟು ಒತ್ತೊತ್ತಾಗಿ ಮಲಗ್ಸಲ್ಲ ಕಣೋ” ಎನ್ನುತ್ತಿದ್ದ. ಯಾರೂ ಹೋಗದ ಪ್ರಶಾಂತ ಜಾಗ ಬೇಕೆಂದವರನ್ನು ವಾಥಿ ಎಂಬ ತೀರಕ್ಕೆ ಕರೆದೊಯ್ಯುತ್ತಿದ್ದ. ಅಲ್ಲಿ ಗಾಳಿ ಮರಳನ್ನು ಹಲ್ಲಿನ ಸಂದಿಗೇ ತುಂಬುತ್ತದೆ. “ಯಾರೂ ಹೋಗದ ಜಾಗ ಕೇಳಿದ್ರಲ್ಲ? ಯಾಕೆ ಹೋಗಲ್ಲ ಅಂತ ಗೊತ್ತಾಯ್ತಾ?”

ಹನ್ನೆರಡನೆಯದನ್ನು ಲಿನಾರಿ ಎನ್ನೋಣ. ನಿಜವಾದ ಹೆಸರನ್ನು ಒಂದು ಸಲ ಹೇಳಿದ್ದೇ ಸಾಕು. ದೂರದಿಂದ ಅದು ಬರೀ ಬಂಡೆ. ಒಳಗೆ ಹೊಕ್ಕರೆ ಅಲೆಯಿಲ್ಲದ ನೀರು, ಕಾಲಡಿ ನುಣ್ಣನೆ ಮರಳು. ಬೇಸಿಗೆಗೆ ಮೂವತ್ತು ಸಮುದ್ರಸ್ನಾನ ಮಾಡಿದರೆ ಕೀಲುನೋವು ಹೋಗುತ್ತದೆಂದು ನಮ್ಮ ಮುದುಕಿಯರ ನಂಬಿಕೆ. ಪಂತೆಲಿಸ್ ಅವರಲ್ಲಿ ಎಂಟು ಮಂದಿಯನ್ನು ಅಲ್ಲಿಗೆ ಒಯ್ಯುತ್ತಿದ್ದ. ಹುಲ್ಲಿನ ಟೋಪಿ ಹಾಕಿ, ಕುತ್ತಿಗೆಮಟ್ಟ ನೀರಲ್ಲಿ ನಿಂತು, ಅವರು ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದರು. ಆ ಎಂಟರಲ್ಲಿ ಒಬ್ಬಳು ಅವನ ಹೆಂಡತಿ ಕಲಿರೋಯಿ. ನೆಲದ ಮೇಲೆ ಅವಳಿಗೆ ಎರಡು ಕೋಲು ಬೇಕು. ಲಿನಾರಿಯ ನೀರಲ್ಲಿ ಮಾತ್ರ ಬರಿಗೈಯಲ್ಲಿ ನಡೆಯುತ್ತಾಳೆ. ಅವನು ದೋಣಿಯಲ್ಲಿ ಬಲೆ ಹೆಣೆಯುವಂತೆ ನಟಿಸುತ್ತ ನೋಡುತ್ತಿದ್ದ.

“ಮದುವೆ ದಿನಾನೂ ಇಷ್ಟು ನೆಟ್ಟಗೆ ನಡೆದಿರ್ಲಿಲ್ಲ ಕಣೋ ಇವಳು” ಎಂದು ಜೊತೆಗಿದ್ದ ನನಗೆ ಒಮ್ಮೆ ಹೇಳಿದ.

ಯಾರಾದರೂ ಆ ಬಂಡೆಯತ್ತ ಬೆರಳು ತೋರಿದರೆ, “ಅಲ್ಲಿಗಾ? ಬರೀ ಲೋಳೆಮೀನು, ತಾಕಿದ್ರೆ ಮೈಯೆಲ್ಲ ಉರಿ. ಹೋದ ವರ್ಷ ಜರ್ಮನಿಯವನೊಬ್ಬ…” ಎಂದು ನಿಲ್ಲಿಸಿ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ. ಆ ಜರ್ಮನಿಯವನು ಪ್ರತಿ ಕ್ರಿಸ್ಮಸ್‌ಗೆ ಅವನಿಗೆ ಶುಭಾಶಯ ಕಳಿಸುತ್ತಿದ್ದ.

“ಸುಳ್ಳು ಹೇಳೋಕೆ ನಾಚಿಕೆ ಆಗಲ್ವೇನೋ?” ಎಂದು ನಾನು ಕೇಳಿದರೆ, “ನಿಜ ನೀನು ಬರ್ಕೋ. ಹೇಗಿದ್ರೂ ಯಾರೂ ಓದಲ್ಲ” ಎನ್ನುತ್ತಿದ್ದ.

ಏಪ್ರಿಲ್‌ನಲ್ಲಿ ದೋಣಿಗೆ ಬಣ್ಣ ಬಳಿಯುತ್ತಿದ್ದಾಗ ಅವನ ಎದೆಬಡಿತ ನಿಂತಿತು. ಕುಂಚ ಕೈಯಲ್ಲೇ ಇತ್ತು. ಮಣ್ಣು ಮಾಡಿ ಬಂದು ಎಲ್ಲರೂ ಮೀನಿನ ಸಾರಿಗೆ ಕುಳಿತಾಗ ನಾನು ಮಾತಾಡಬೇಕಿತ್ತು. ಬರೆದುಕೊಂಡದ್ದೆಲ್ಲ ಮರೆತುಹೋಯಿತು. ಅಳು ಬಂತು, ಅದರ ಹಿಂದೆಯೇ ಲಿನಾರಿಯೂ ಬಂತು: ಹೆಸರು, ಮರಳು, ಎಂಟು ಟೋಪಿ, ಎಲ್ಲ. ಎದುರಿಗೆ ಪುರಸಭೆಯ ಅಧ್ಯಕ್ಷ ನಿಕಿಫೋರೋಸ್ ಚಮಚ ಕೆಳಗಿಟ್ಟ.

ಪಂತೆಲಿಸ್ ಸತ್ತ ನಲವತ್ತನೆಯ ದಿನ, ಚರ್ಚಿನ ಅಂಗಳದಲ್ಲಿ ಅವನ ನೆನಪಿಗೆ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ ಹಂಚುತ್ತಿದ್ದಾಗ ನಿಕಿಫೋರೋಸ್ ಬಂದ. “ಮೇಷ್ಟ್ರೇ, ಏನು ಮಾತಾಡಿದ್ರಿ ಅವತ್ತು! ಆ ತೀರಕ್ಕೆ ಪಂತೆಲಿಸ್ ಹೆಸರೇ ಇಡೋಣ. ಅರವತ್ತು ಮಲಗುಕುರ್ಚಿ, ಒಂದು ಬಾರ್. ಕೈಪಿಡೀಲಿ ಮೊದಲನೇ ಜಾಗ. ನೀವೇ ಬರೀಬೇಕು.”

ಸತ್ತವನು ಬದುಕಿಡೀ ಕಾಯ್ದದ್ದನ್ನು ಕಿತ್ತುಕೊಂಡು ಅದಕ್ಕೆ ಅವನದೇ ಹೆಸರಿಡುವುದು! ಇಂಥ ಗೌರವ ಪುರಸಭೆಗಲ್ಲದೆ ಇನ್ನಾರಿಗೆ ಹೊಳೆಯಬೇಕು?

ಅವನು ಅತ್ತ ಹೋದಮೇಲೆ ಕಲಿರೋಯಿ ಕೋಲೂರಿ ನನ್ನ ಬಳಿ ಬಂದಳು. “ಬಾಯಿ ಮುಚ್ಕೊಂಡು ಅಳೋಕೆ ಏನಾಗಿತ್ತು ಮೇಷ್ಟ್ರೇ ನಿಮಗೆ? ಈಗ ನಾನು ಎಲ್ಲಿ ನಡೀಲಿ?”

ಕೈಯಲ್ಲಿದ್ದ ಗೋಧಿಯನ್ನು ಜೇಬಿಗೆ ಸುರಿದುಕೊಂಡು ಮನೆಗೆ ನಡೆದೆ.

ಮರುದಿನ ಪುರಸಭೆಗೆ ಹೋದೆ. “ನಿಕಿಫೋರೋಸ್, ಅಲ್ಲಿ ಲೋಳೆಮೀನು ಕಣಪ್ಪಾ. ಹೋದ ವರ್ಷ ಜರ್ಮನಿಯವನೊಬ್ಬ…”

“ಮತ್ತೆ ಅವತ್ತು ಅಷ್ಟು ಹೊಗಳಿದ್ರಿ?”

“ಸಾವಿನ ಮನೇಲಿ ಲೋಳೆಮೀನಿನ ಸುದ್ದಿ ಎತ್ತೋಕಾಗುತ್ತೇನೋ?”

“ಆ ಜರ್ಮನಿಯವನಿಗೆ ಏನಾಯ್ತು?”

ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಅವನ ಮುಖ ಬಿಳಿಚಿಕೊಂಡಿತು. ಅವನಿಗೆ ಆರು ವರ್ಷ ಪಾಠ ಹೇಳಿದವನು ನಾನು. ಸುಳ್ಳಾಡಿದ್ದಕ್ಕೆ ಎಷ್ಟೋ ಸಲ ಕಿವಿ ಹಿಂಡಿದ್ದೆ. ನಂಬದೆ ಏನು ಮಾಡಿಯಾನು?

ಪಂತೆಲಿಸ್ ಹೆಸರಿನ ಫಲಕ ಈಗ ವಾಥಿಯಲ್ಲಿದೆ. ಗಾಳಿಗೆ ಎರಡು ಸಲ ಬಿದ್ದಿದೆ.

ಜೂನ್‌ನಲ್ಲಿ ಎಂಟೂ ಮುದುಕಿಯರನ್ನು ಅವನ ದೋಣಿಯಲ್ಲಿ ನಾನೇ ಒಯ್ದೆ. “ಇವತ್ತು ತಲುಪ್ತೀವಾ ಮೇಷ್ಟ್ರೇ?” ಎಂದು ದಾರಿಯುದ್ದಕ್ಕೂ ಕೇಳಿಸಿಕೊಂಡೆ. ಕಲಿರೋಯಿ ಕೋಲುಗಳನ್ನು ನನ್ನ ಕೈಗಿತ್ತು ನೀರಿಗಿಳಿದಳು. “ಮೂವತ್ತರಲ್ಲಿ ಒಂದು” ಎಂದು ಎಣಿಸಿ, ನಡೆದಳು.

ನಾನು ಬಲೆ ತೆಗೆದುಕೊಂಡು ಹೆಣೆಯುವಂತೆ ನಟಿಸಿದೆ.

“ಕಣ್ಣು ಒರೆಸ್ಕೊಂಡು ಹೆಣೀರಿ, ಗಂಟಾಗ್ತಿದೆ” ಎಂದು ಅವಳು ತಿರುಗಿ ನೋಡದೆಯೇ ಕೂಗಿದಳು.