ಗೌತಮಿ ಟೀಚರ್ ಕೇಳಿದ್ದ ಹದಿನಾರು ಜಿಬಿ

ಗೌತಮಿ ಟೀಚರ್ ಸೇಡಂನ ನನ್ನ ಅಂಗಡಿಗೆ ಬಂದ ದಿನ ನಾನು ಮಾತನಾಡಿಸಿದ್ದು ಅವರನ್ನಲ್ಲ, ಅವರ ಅಣ್ಣನನ್ನು.

ಟೀಚರಿಗೆ ಕಣ್ಣು ಕಾಣುವುದಿಲ್ಲ. ಚಿತ್ತಾಪುರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ. ಅಣ್ಣ ಮಿಲಿಂದ ಅವರ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದ. ನಾನು ಅವನತ್ತ ತಿರುಗಿ, "ಮೇಡಂ ಅವ್ರಿಗಿ ಎಂಥಾ ಕಂಪ್ಯೂಟರ್ ಬೇಕ್ರಿ?" ಎಂದೆ.

"ನನಗ ಕೇಳ್ರಿ" ಎಂದರು ಟೀಚರ್, ನಗುತ್ತಲೇ. "ಹದಿನಾರು ಜಿಬಿ ರ‍್ಯಾಮ್ ಬೇಕು. ಉಳದದ್ದು ನೀವು ನೋಡಿ ಹಾಕ್ರಿ."

ನಾನು ಹತ್ತು ವರ್ಷದಿಂದ ಪಿಸಿ ಅಸೆಂಬಲ್ ಮಾಡುತ್ತಿದ್ದೇನೆ. ಆದಿತ್ಯನಗರದಿಂದ ಗೇಮ್ ಆಡುವವರು ಬಂದರೆ, ಅವರು ಬಾಯಿ ತೆರೆಯುವ ಮೊದಲೇ ಏನು ಬೇಕೆಂದು ಹೇಳಬಲ್ಲೆ. ಇವರಿಗೂ ಹಾಗೇ ಹೇಳಿಬಿಟ್ಟೆ.

"ಅಷ್ಟ್ಯಾಕ್ರಿ, ಎಂಟು ಸಾಕು. ಈಗ ರ‍್ಯಾಮ್ ರೇಟ್ ಭಾಳ ಏರ್ಯದ. ನೀವು ಹ್ಯಾಂಗೂ ನೋಡೋದಿಲ್ಲಂದ ಮ್ಯಾಲ..."

ಮಾತು ಅರ್ಧಕ್ಕೇ ನಿಂತಿತು. "ನಿಮಗ ಗೊತ್ತಿರತದ" ಎಂದಷ್ಟೇ ಹೇಳಿದರು ಟೀಚರ್.

ರ‍್ಯಾಮಿನಲ್ಲಿ ಉಳಿದ ದುಡ್ಡನ್ನು ಮಾನಿಟರಿಗೆ ಹಾಕಿದೆ. ಇಪ್ಪತ್ತನಾಲ್ಕು ಇಂಚಿನದು, ಚೆಂದದ ಡಿಸ್‌ಪ್ಲೇ. ಮನೆಯವರಾದರೂ ನೋಡಲಿ ಎಂದು... ಒಳ್ಳೆಯದನ್ನೇ ಮಾಡಿದೆ ಅಂದುಕೊಂಡಿದ್ದೆ.

ಒಂದೂವರೆ ತಿಂಗಳ ಮೇಲೆ ಮಿಲಿಂದನ ಫೋನ್ ಬಂತು. ಒಮ್ಮೆ ಚಿತ್ತಾಪುರಕ್ಕೆ ಬಂದು ಹೋಗಬೇಕಂತೆ.

ಮರುದಿನ ಬೆಳಿಗ್ಗೆ ಪ್ಯಾಸೆಂಜರ್ ರೈಲು ಹಿಡಿದು ಅವರ ಮನೆಗೆ ಹೋದೆ. ಟೀಚರ್ ಚಹಾ ಕೊಟ್ಟು, ಆಗಿದ್ದನ್ನು ಹೇಳಿದರು.

ಕಣ್ಣಿಲ್ಲದ ಮಕ್ಕಳಿಗಾಗಿ ಪಾಠಗಳನ್ನು ಆಡಿಯೋ ಮಾಡಿಸುವ ಒಂದು ಸಂಸ್ಥೆ, ಶಿಕ್ಷಕರನ್ನು ಆನ್‌ಲೈನ್ ಸಂದರ್ಶನ ಮಾಡಿ ಆರಿಸುತ್ತಿತ್ತು. ಟೀಚರ್ ಹದಿನೈದು ದಿನ ತಯಾರಿ ಮಾಡಿದ್ದರು. ವಿಡಿಯೋ ಕಾಲ್, ಪಾಠದ ದೊಡ್ಡ ಪಿಡಿಎಫ್, ತೆರೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸಾಫ್ಟ್‌ವೇರ್, ಮೂರೂ ಒಟ್ಟಿಗೆ ನಡೆಯಬೇಕಿತ್ತು.

ಸಂದರ್ಶನದ ದಿನ ಮಾದರಿ ಪಾಠ ಶುರುವಾದ ಮೂರನೇ ನಿಮಿಷಕ್ಕೆ ಕಿವಿಯಲ್ಲಿ ಓದುತ್ತಿದ್ದ ದನಿ ನಿಂತಿತು. ಅತ್ತ ಸಂದರ್ಶಕರು ಏನೋ ಕೇಳುತ್ತಿದ್ದಾರೆ, ಇವರಿಗೆ ಅದೂ ಕೇಳುತ್ತಿಲ್ಲ. ಮತ್ತೆ ದನಿ ಬರುವಷ್ಟರಲ್ಲಿ ಅವರು ಮುಂದಿನವರನ್ನು ಕರೆದಾಗಿತ್ತು.

ಆ ಜಾಗ ಬೇರೆಯವರಿಗೆ ಹೋಯಿತು.

"ಮೊದಲೂ ಹಿಂಗ ನಿಲ್ತಿತ್ತೇನ್ರಿ?" ಎಂದೆ.

"ದಿನಾ ನಿಲ್ತಿತ್ತು. ಹೊಸ ಕೀಬೋರ್ಡ್, ನನ್ನ ಬೆರಳೇ ತಪ್ಪ ಒತ್ಲಿಕತ್ತಾವ ಅನ್ಕೊಂಡಿದ್ದೆ."

ನಾನು ಕುರ್ಚಿ ಎಳೆದುಕೊಂಡು ಮಷೀನಿನ ಮುಂದೆ ಕೂತೆ.

ಅವರು ಅಂದು ಓಪನ್ ಮಾಡಿದ್ದನ್ನೆಲ್ಲ ನಾನೂ ಓಪನ್ ಮಾಡಿದೆ. ಮೆಮೊರಿ ಪೂರಾ ತುಂಬಿಹೋಗಿತ್ತು. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿರಲಿಲ್ಲವಲ್ಲ, ಆ ಎಂಟು ಜಿಬಿಯಲ್ಲೇ ಒಂದಿಷ್ಟು ಪಾಲು ಡಿಸ್‌ಪ್ಲೇಗೂ ಹೋಗುತ್ತಿತ್ತು. ಅವರು ಎಂದೂ ನೋಡದ ಡಿಸ್‌ಪ್ಲೇಗೆ.

"ಸ್ವಲ್ಪ ಸ್ಲೋ ಆಗಲಿಕತ್ತದ ನೋಡ್ರಿ, ಅಷ್ಟೇ" ಎಂದೆ.

"ಮಾನಿಟರ್ ಬಂದ್ ಮಾಡಿ ನಡಸ್ರಿ."

ಮಾನಿಟರ್ ಆಫ್ ಮಾಡಿ ಹೆಡ್‌ಫೋನ್ ಹಾಕಿಕೊಂಡೆ. ಅವರು ಹೇಳಿದ ಕೀಗಳನ್ನು ಒಂದೊಂದಾಗಿ ಒತ್ತಿದೆ. ಎರಡು ಸಾಲು ಓದಿ ದನಿ ನಿಂತಿತು. ಇನ್ನೊಮ್ಮೆ ಒತ್ತಿದೆ. ಏನೂ ಇಲ್ಲ. ಮತ್ತೆ ಒತ್ತಿದೆ... ಒತ್ತಿದ್ದು ಮಷೀನಿಗೆ ತಿಳಿಯಿತೋ ಇಲ್ಲವೋ ಗೊತ್ತಾಗುತ್ತಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ಒಟ್ಟಿಗೆ ಕಿವಿಗೆ ಬಿತ್ತು, ಒಂದೂ ಅರ್ಥವಾಗಲಿಲ್ಲ.

"ನಿಮಗ ಸ್ಕ್ರೀನ್ ಮ್ಯಾಲ ತಿರಗೋ ಚಕ್ರ ಆದ್ರೂ ಕಾಣಸ್ತದ" ಎಂದರು ಟೀಚರ್. "ನನಗ ಮಷೀನ್ ಕೆಲಸ ಮಾಡ್ಲಿಕತ್ತದೋ, ಬಂದಾಗ್ಯದೋ, ಕರೆಂಟ್ ಹೋಗ್ಯದೋ, ಒಂದೂ ಗೊತ್ತಾಗಲ್ಲ. ಅದಕ್ಕ ಹದಿನಾರು ಕೇಳಿದ್ದೆ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು.

ಎರಡು ದಿನ ಬಿಟ್ಟು ಎಂಟೆಂಟು ಜಿಬಿಯ ಜೋಡಿ ತಂದೆ. ಎರಡೂ ಒಂದೇ ಕಂಪನಿಯವು, ಒಂದೇ ಸ್ಪೀಡಿನವು. ಹಳೆಯದನ್ನು ತೆಗೆದು ಈ ಜೋಡಿ ಕೂರಿಸಿದೆ. ದುಡ್ಡು ಬೇಡ ಎಂದರೆ ಟೀಚರ್ ಒಪ್ಪಲಿಲ್ಲ. "ಆ ದೊಡ್ಡ ಮಾನಿಟರ್ ಒಯ್ಯಿರಿ, ಒಂದ್ ಸಣ್ಣದು ಕೊಡ್ರಿ. ಲೆಕ್ಕ ಬರೋಬ್ಬರಿ ಆಗ್ತದ" ಎಂದರು.

ಅವತ್ತು ಮಾನಿಟರ್ ಹಚ್ಚದೆಯೇ ಟೆಸ್ಟ್ ಮಾಡಿದೆ. ವಿಡಿಯೋ ಕಾಲ್, ಪಿಡಿಎಫ್ ಎಲ್ಲ ಓಪನ್ ಇದ್ದರೂ ದನಿ ಎಲ್ಲೂ ತಡವರಿಸಲಿಲ್ಲ. ಟೀಚರ್ ಅದರ ಸ್ಪೀಡ್ ಏರಿಸುತ್ತಲೇ ಹೋದರು. ನನಗೆ ಒಂದಕ್ಷರ ತಿಳಿಯದಷ್ಟು ವೇಗದಲ್ಲಿ ಅದು ಓದುತ್ತಿತ್ತು, ಅವರು ತಲೆಯಾಡಿಸುತ್ತಾ ಕೇಳುತ್ತಿದ್ದರು.

ಹೊರಡುವಾಗ ಕೇಳಿದೆ, ಆ ಸಂಸ್ಥೆಯವರಿಗೆ ನಾನೇ ಒಂದು ಮೇಲ್ ಹಾಕಲೇನು ಎಂದು.

"ಹಾಕ್ರಿ. ಆದ್ರ 'ಪಾಪ, ಕಣ್ಣಿಲ್ಲ' ಅಂತ ಬರೀಬ್ಯಾಡ್ರಿ. ರ‍್ಯಾಮ್ ಕಮ್ಮಿ ಬಿದ್ದಿತ್ತು ಅಂತ ಬರೀರಿ."

ಹಾಗೇ ಬರೆದೆ. ಕಮ್ಮಿ ಹಾಕಿದವನು ನಾನೇ ಅಂತಲೂ ಬರೆದೆ. ಈ ವರ್ಷದ ಪಟ್ಟಿ ಮುಗಿದಿದೆ, ಮುಂದಿನ ಸಲ ಅರ್ಜಿ ಹಾಕಲಿ ಎಂದು ಉತ್ತರ ಬಂತು. ಟೀಚರ್ ಹಾಕುತ್ತಾರಂತೆ. ಅವರ ಒಂದು ವರ್ಷವನ್ನಂತೂ ನಾನು ವಾಪಸ್ ಕೊಡಲಾರೆ.

ಕಳೆದ ವಾರ ಶಹಾಬಾದಿನಿಂದ ನೆಲಕ್ಕೆ ಹಾಸುವ ಪರಸಿ ಕಲ್ಲಿನ ವ್ಯಾಪಾರಿಯೊಬ್ಬರು ಪಿಸಿ ಮಾಡಿಸಲು ಬಂದಿದ್ದರು. "ನಿಮಗ ಎಲ್ಲಾ ಮಾಲೂಮ್ ಅದಲ್ರಿ, ನೀವೇ ಏನರ ಹಾಕಿ ಕೊಡ್ರಿ" ಎಂದರು.

"ಇಲ್ರಿ, ಕುಂದ್ರಿ. ದಿನಾ ಏನೇನ್ ಮಾಡ್ತೀರಿ, ಮೊದಲ ಅದು ಹೇಳ್ರಿ" ಎಂದೆ. ಹೇಳಿ ಮುಗಿಸಲು ಅವರಿಗೆ ಅರ್ಧ ಗಂಟೆ ಹಿಡಿಯಿತು, ನಾನು ನಡುವೆ ಬಾಯಿ ಹಾಕಲಿಲ್ಲ.

ತಮಗೇನು ಬೇಕೆಂದು ಒಬ್ಬರು ಸ್ಪಷ್ಟವಾಗಿ ಹೇಳಿದ ಮೇಲೂ, ಅವರಿಗಿಂತ ನನಗೇ ಚೆನ್ನಾಗಿ ಗೊತ್ತು ಎಂದು ನೀವೂ ಅಂದುಕೊಂಡಿದ್ದುಂಟೇ?