ಹುಬ್ಬಳ್ಳಿಯಿಂದ ಒಂದು ಖಾಲಿ ಸೀಟು

ನಿದ್ದೆಗೆಟ್ಟಾಗ ನನ್ನ ತಮ್ಮನ ಎಡಗಣ್ಣಿನ ಕೆಳರೆಪ್ಪೆ ಅದುರುತ್ತಿತ್ತು. ಹತ್ತಿರ ಕೂತವರಿಗೆ ಮಾತ್ರ ಕಾಣುವಷ್ಟು ಸಣ್ಣಗೆ. ಅವನು ಅದರ ಮೇಲೆ ಬೆರಳಿಟ್ಟುಕೊಂಡು, ಡಾಕ್ಟರು ನಾಡಿ ಹಿಡಿದು ಕೂರುವಂತೆ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದ. ಗಂಡಸರಿಗೆ ಎಡಗಣ್ಣು ಅದುರಬಾರದು ಎನ್ನುತ್ತಾರೆ ನಮ್ಮ ಕಡೆ. ನಾನು ಹೆದರಿ ದೇವರ ಮುಂದೆ ದೀಪ ಹಚ್ಚಲು ಎದ್ದರೆ ನಗುತ್ತಿದ್ದ.

"ಶಕುನ ಅಲ್ಲಕ್ಕ, ನಿದ್ದೆ. ಎರಡು ತಾಸು ಮಲಗಿದ್ರೆ ಹೋಗ್ತೈತೆ."

ಅವನು ಪೈಲಟ್. ಮನೆ ಹರಿಹರದಲ್ಲಿ, ಕೆಲಸ ಹೈದರಾಬಾದಿನಲ್ಲಿ. ಹೀಗೆಂದರೆ ಜನ ತಮಾಷೆ ಎಂದುಕೊಳ್ಳುತ್ತಿದ್ದರು. ನಮ್ಮಲ್ಲಿ ಆಕಾಶದಲ್ಲಿ ವಿಮಾನ ಹೋಗುವುದು ಕಾಣುತ್ತದೆಯೇ ಹೊರತು ಇಳಿಯುವುದಿಲ್ಲ. ಅವನು ಕಾರಿನಲ್ಲಿ ಎರಡೂವರೆ ತಾಸು ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಸಣ್ಣ ವಿಮಾನದಲ್ಲಿ ಪ್ರಯಾಣಿಕನಾಗಿ ಕೂತು ಹೈದರಾಬಾದು ಮುಟ್ಟಿ, ರಾತ್ರಿ ಅಲ್ಲಿಯ ಬಾಡಿಗೆ ಕೋಣೆಯಲ್ಲಿ ಮಲಗಿ, ಮರುದಿನ ದೊಡ್ಡ ವಿಮಾನ ಹಾರಿಸುತ್ತಿದ್ದ. ಕೆಲಸಕ್ಕೆ ಹೋಗುವುದಕ್ಕೇ ಒಂದು ದಿನ. ಮೂರು ದಿನ ರಜೆ ಸಿಕ್ಕರೆ ಮನೆಯಲ್ಲಿ ಉಳಿಯುತ್ತಿದ್ದದ್ದು ಒಂದೂವರೆ ದಿನ.

ಇಷ್ಟಕ್ಕೆಲ್ಲ ಕಾರಣ ಪುಟ್ಟಿ, ಅವನ ಮಗಳು. ಅವಳಿಗೆ ಮೂರು ವರ್ಷವಿದ್ದಾಗ ಅವನ ಹೆಂಡತಿ ತೀರಿಕೊಂಡಳು. ನನಗೆ ಮಕ್ಕಳಿಲ್ಲ. ತಾಯಿಯ ಕಾರ್ಯ ಮುಗಿದ ದಿನ ಮಗು ನನ್ನ ಸೆರಗು ಹಿಡಿದುಕೊಂಡು ಮಲಗಿತು, ಆಮೇಲೆ ಬಿಡಲಿಲ್ಲ. ಹೈದರಾಬಾದಿಗೆ ಕರೆದುಕೊಂಡು ಹೋದರೆ ಅವನು ಹಾರುವ ದಿನಗಳಲ್ಲಿ ಯಾರೋ ಆಯಾ ನೋಡಿಕೊಳ್ಳಬೇಕಿತ್ತು. ಅದು ಬೇಡವೆಂದು ಈ ಓಡಾಟ ಶುರುವಾಯಿತು.

ಅವನು ಒಂದು ರಾತ್ರಿ ಇಂದೋರಿಗೋ ಕೊಚ್ಚಿಗೋ ಹೋಗಿ ಬರುವುದು ನನಗೆ ಚಿಂತೆಯಾಗಿರಲಿಲ್ಲ. ಹರಿಹರ ಬಿಟ್ಟು ಹೈದರಾಬಾದು ಮುಟ್ಟುವುದೇ ಚಿಂತೆ. ಕಂಪನಿ ತನ್ನ ಕೆಲಸಗಾರರಿಗೆ ಕೊಡುವ ಟಿಕೆಟ್ಟಿಗೆ ಒಂದು ಷರತ್ತು: ಸೀಟು ಖಾಲಿ ಉಳಿದರೆ ಮಾತ್ರ ಜಾಗ. ಕೊನೆಯ ಗಳಿಗೆಯವರೆಗೆ ಕೌಂಟರಿನ ಮುಂದೆ ನಿಂತಿರಬೇಕು. ಸೀಟು ಕಡಿಮೆ ಎನ್ನಿಸಿದ ದಿನ ತಾನೇ ಟಿಕೆಟ್ ಕೊಂಡುಬಿಡುತ್ತಿದ್ದ. ಇಲ್ಲದಿದ್ದರೆ ಹಿಂದಿನ ರಾತ್ರಿ ಫೋನಿನಲ್ಲಿ ಖಾಲಿ ಸೀಟು ಎಣಿಸಿ ಹೊರಡುತ್ತಿದ್ದ. "ಹೋಗೋ ವಿಮಾನ ಒಂದಿದ್ರೆ ಸಾಲ್ದು, ಕೈಯಾಗ ಇನ್ನೊಂದಿರ್ಬೇಕು," ಎನ್ನುವುದು ಅವನ ಮಾತು. ಸಂಜೆಯ ವಿಮಾನಕ್ಕೆ ಹೋದರೂ ನಡೆಯುವ ದಿನ ಮಧ್ಯಾಹ್ನದ್ದಕ್ಕೇ ಹೋಗುತ್ತಿದ್ದ. ಪುಟ್ಟಿಯ ಜೊತೆ ಕೊಂಡಜ್ಜಿ ಕೆರೆಯ ಏರಿಯ ಮೇಲೆ ನಡೆಯುವಾಗಲೂ ಒಂದು ಕಣ್ಣು ಗಡಿಯಾರದ ಮೇಲೆ.

ಅವನ ನಿದ್ದೆ ನಮ್ಮ ಇಡೀ ಓಣಿಯ ಜವಾಬ್ದಾರಿಯಾಗಿತ್ತು. ಅವನ ಕೋಣೆಗೆ ನಾನು ಕಪ್ಪು ಬಟ್ಟೆಯ ಎರಡು ಪದರದ ಪರದೆ ಹೊಲಿದಿದ್ದೆ. ಹೊಲಿಗೆಯೇ ನನ್ನ ಕಸುಬು, ಮನೆಯ ಮುಂದಿನ ಕೋಣೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತೇನೆ. ಅವನು ಹಗಲು ಮಲಗಿದ ದಿನ ಮಿಷನ್ ಓಡುತ್ತಿರಲಿಲ್ಲ, ಬರೀ ಕಾಜಾ, ಗುಂಡಿ, ಕೈಹೊಲಿಗೆ. ಸೊಪ್ಪಿನವಳು ನಮ್ಮ ಬಾಗಿಲಿಗೆ ಬಂದಾಗ ಮಾತ್ರ ದನಿ ತಗ್ಗಿಸಿ, "ಟೀಚರ್, ಇಮಾನದೋರು ಮಲಗ್ಯಾರೇನ್ರಿ?" ಎಂದು ಪಿಸುಗುಟ್ಟುತ್ತಿದ್ದಳು. ಆ ಪಿಸುಮಾತಿಗೇ ಅವನಿಗೆ ಎಚ್ಚರವಾಗುತ್ತಿತ್ತು, ನಗುತ್ತಾ ಹೊರಗೆ ಬರುತ್ತಿದ್ದ.

ಪುಟ್ಟಿಗೆ ಹತ್ತು ವರ್ಷವಾದಾಗ ಆ ಹುಬ್ಬಳ್ಳಿಯ ದಿನ ಬಂತು. ತಪ್ಪು ನನ್ನದು.

ನನ್ನ ಭಾವ, ಅಂದರೆ ಗಂಡನ ಅಣ್ಣ, ದಾವಣಗೆರೆಯ ಮಂಡಿಪೇಟೆಯಲ್ಲಿ ಕಿರಾಣಿ ಸಗಟು ಅಂಗಡಿ ಇಟ್ಟವರು. ನನ್ನ ಗಂಡನೂ ಅಲ್ಲೇ ಕೂರುತ್ತಾರೆ. ಭಾವನ ಹೆಂಡತಿಯ ತಂಗಿಯ ಮಗಳು ಹೈದರಾಬಾದಿನಲ್ಲಿದ್ದಳು, ಅವಳ ಸೀಮಂತಕ್ಕೆ ಎಲ್ಲರೂ ರೈಲಿನಲ್ಲಿ ಹೋಗುವುದೆಂದಿತ್ತು. ಹಿಂದಿನ ರಾತ್ರಿ ಭಾವ ಫೋನ್ ಮಾಡಿದರು.

"ತಂಗೀ, ನಾಳೆ ಕ್ಯಾಪ್ಟನ್ ಯಾವ ವಿಮಾನಕ್ಕೆ ಹೋಗ್ತಾನ? ರೈಲು ಬ್ಯಾಡ, ಎಲ್ರೂ ಅವನ ಜೊತೀಗೇ ಹೋಗಣ. ಹೇಳ್ಬ್ಯಾಡ ಮತ್ತೆ, ಅಲ್ಲಿ ನೋಡಿ ಖುಷಿ ಆಗ್ಲಿ."

ನಾನು ಹೇಳಿದೆ. ನನಗೂ ಪುಟ್ಟಿಗೂ ಸೇರಿ ಒಂಬತ್ತು ಟಿಕೆಟ್ ಆಯಿತು. ತಮ್ಮ ಅಷ್ಟು ಹೊತ್ತಿಗೆ ಹದಿಮೂರು ಸೀಟು ಖಾಲಿ ಎಂದು ಎಣಿಸಿ ಮಲಗಿದ್ದ. ಖಾಲಿ ಸೀಟಿನ ಮೇಲೆ ಅವನ ಕೆಲಸ ನಿಂತಿದೆ ಎಂದು ನನಗೆ ಗೊತ್ತಿತ್ತು. ಆದರೆ ನಾವು ಕೂರುವ ಸೀಟೂ ಅದೇ ಖಾಲಿ ಸೀಟು ಎಂಬುದು ಹೊಳೆಯಲೇ ಇಲ್ಲ. ಮನೆಯ ಮದುವೆಗೆ ಹೊರಟ ಮಿನಿ ಬಸ್ಸಿನಲ್ಲಿ ಇನ್ನೊಬ್ಬರಿಗೆ ಸರಿದು ಕೂತು ಜಾಗ ಮಾಡುತ್ತೇವಲ್ಲ, ಅದೇ ಲೆಕ್ಕದಲ್ಲಿದ್ದೆ.

ಅವನು ಎಂದಿನಂತೆ ಮೊದಲೇ ಹೊರಟ. ನಾವು ಹಿಂದಿನಿಂದ ಹೋದೆವು. ಹುಬ್ಬಳ್ಳಿಯ ನಿಲ್ದಾಣದಲ್ಲಿ ನಮ್ಮ ಸಾಮಾನು ಕೊಟ್ಟು ಬೋರ್ಡಿಂಗ್ ಚೀಟಿ ತಗೊಂಡು ಒಂದು ಮೂಲೆಯಲ್ಲಿ ಅಡಗಿ ನಿಂತಿದ್ದು, ಅವನು ಕ್ಯಾಂಟೀನಿನಿಂದ ಕೌಂಟರಿಗೆ ಬಂದಾಗ ಪುಟ್ಟಿಯನ್ನು ಮುಂದೆ ಬಿಟ್ಟೆವು. "ಅಪ್ಪಾ!" ಎಂದು ಓಡಿದಳು.

ಭಾವ ಕೈ ಚಾಚಿದರು. "ಏನ್ ಕ್ಯಾಪ್ಟನ್ ಸಾಹೇಬ್ರೇ! ಇವತ್ತು ನೀವೂ ನಮ್ಮಂಗೇ ಪ್ಯಾಸೆಂಜರ್ರು. ಬರ್ರಿ, ಕಿಟಕಿ ಸೀಟು ನಿಮಗೇ ಬಿಡ್ತೀವಿ. ಮಂಡಕ್ಕಿನೂ ತಂದೀವಿ!"

ತಮ್ಮ ನಕ್ಕ. ನಗುತ್ತಲೇ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ಎಣಿಸುತ್ತಿದ್ದಾನೆ ಎಂದು ನನಗೆ ಆಗ ತಿಳಿಯಿತು. "ಎಲ್ರದೂ ಟಿಕೆಟ್ ಆಗೈತೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೌಂಟರಿಗೆ ನಡೆದ.

ಅಲ್ಲಿಯ ಹುಡುಗಿ ಅವನ ಪರಿಚಯದವಳೇ. "ಸರ್, ಫುಲ್ ಆಗೇತಿ ಸರ್. ರಾತ್ರಿ ಒಂಬತ್ತು ಜನದ ಒಂದು ಗ್ರೂಪ್ ಬಂತ್ರಿ, ಉಳಿದ ನಾಕು ಬೆಳಿಗ್ಗೆ ಹೋದ್ವು," ಎಂದಳು. ಪೈಲಟ್‌ಗಳ ಹಿಂದೆ ಒಂದು ಮಡಚುವ ಸೀಟು ಇರುತ್ತದಂತೆ, ಅದರಲ್ಲೂ ಅಂದು ಪರೀಕ್ಷೆ ಮಾಡುವ ಅಧಿಕಾರಿ ಒಬ್ಬರು ಇದ್ದರು. ಸಂಜೆಯ ವಿಮಾನ ಆ ವಾರ ಬಂದ್ ಆಗಿತ್ತು. ಅವನ ಕೈಯಲ್ಲಿ ಇನ್ನೊಂದು ಇರಲಿಲ್ಲ. ಮರುದಿನ ಬೆಳಗಿನ ಜಾವ ನಾಲ್ಕೂವರೆಗೆ ಅವನು ಹೈದರಾಬಾದಿನಲ್ಲಿ ಡ್ಯೂಟಿಗೆ ಹಾಜರಿರಬೇಕಿತ್ತು.

ನಾನು ನನ್ನ ಚೀಟಿ ಅವನ ಕೈಗೆ ತುರುಕಿದೆ. "ನಾನು ಹೋಗಲ್ಲ. ನೀನು ಹತ್ತು."

"ನೀನು ಬಿಟ್ರೆ ಅದು ನಂಗೆ ಬರಲ್ಲಕ್ಕ. ನನಗಿಂತ ಮೊದ್ಲು ಇನ್ನಿಬ್ರು ಸ್ಟಾಫ್ ಕಾಯ್ತಾ ಅದಾರೆ."

ಮೂರು ಜನ ಬಿಟ್ಟರೆ ಅವನಿಗೆ ಒಂದು. ಭಾವ ಆ ಲೆಕ್ಕ ಕೂಡಲೇ ಹಿಡಿದರು. "ನಾನೂ ಬಿಟ್ಟೆ. ಎರಡಾತು. ಏ, ನೀನು?" ಎಂದು ಹೆಂಡತಿಯ ಕಡೆ ತಿರುಗಿದರು.

"ಸೀಮಂತಕ್ಕೆ ದೊಡ್ಡಮ್ಮನೇ ಇಲ್ಲ ಅಂದ್ರೆ ಹೆಂಗ್ರೀ?" ಭಾವನ ಹೆಂಡತಿಯ ದನಿ ಅಳುವ ಹಾಗಾಯಿತು. "ಉಡಿ ಸಾಮಾನೆಲ್ಲ ನನ್ ಚೀಲದಾಗೇ ಐತೆ, ಅದು ಆಗ್ಲೇ ಒಳಗೆ ಹೋತು."

"ಚೀಲ ಹೋದ್ರೆ ಹೋಗ್ಲಿ ಬಿಡು!"

"ನೀವೇ ಅಲ್ವೇನ್ರಿ ಖುಷಿ ಆಗ್ಲಿ ಅಂದೋರು? ಆತಲ್ಲ ಈಗ!"

ಜನ ತಿರುಗಿ ನೋಡತೊಡಗಿದರು. ತಮ್ಮ ಇಬ್ಬರ ನಡುವೆ ಬಂದು ನಿಂತ. ಅವನ ರೆಪ್ಪೆ ಅದುರುತ್ತಿರಲಿಲ್ಲ, ಮುಖ ಕಲ್ಲಿನ ಹಾಗಿತ್ತು. "ಯಾರೂ ಬಿಡೋದು ಬ್ಯಾಡ ಭಾವಾರೆ. ಇಳಿಸ್ಬೇಕಂದ್ರೆ ಚೀಲನೂ ಹುಡುಕಿ ಇಳಿಸ್ಬೇಕು. ವಿಮಾನ ತಡ ಆಗ್ತೈತೆ, ಎಪ್ಪತ್ತು ಜನ ಕಾಯ್ಬೇಕು. ಹೋಗ್ರಿ, ಪುಟ್ಟಿನ ಕಿಟಕಿ ಪಕ್ಕ ಕೂರಿಸ್ರಿ."

ಅವರು ಹೋದರು. ನನ್ನದೆಂದು ಇದ್ದದ್ದು ಪುಟ್ಟಿಯ ಚೀಲದೊಳಗಿನ ಎರಡು ಸೀರೆ, ಇಳಿಸಬೇಕಾದ ಚೀಲವಿರಲಿಲ್ಲ; ನಾನು ಮಾತ್ರ ಹೋಗಲಿಲ್ಲ. ನನ್ನ ಸೀಟಿನಲ್ಲಿ ಯಾರೋ ಅಪರಿಚಿತ ಹೋದ.

ಅವನು ಹೊರಗೆ ಬೇಲಿಯ ಹತ್ತಿರ ನಿಂತು ಕಂಪನಿಗೆ ಫೋನ್ ಮಾಡಿದ. ಕಾರಿನಲ್ಲಿ ಏಳು ತಾಸು ಹೊಡೆದು ಬೆಂಗಳೂರಿಗೆ ಹೋದರೆ ರಾತ್ರಿಯ ಕೊನೆಯ ವಿಮಾನ ಸಿಗಬಹುದಿತ್ತು. ಆ ಕಡೆಯವರು ಅದನ್ನೇ ಹೇಳುತ್ತಿದ್ದರು ಎಂದು ಇವನ ಮಾತಿನಿಂದ ಗೊತ್ತಾಗುತ್ತಿತ್ತು.

"ತಲುಪಬಹುದು ಸರ್. ಮಲಗೋಕೆ ಎರಡು ತಾಸೂ ಸಿಗಲ್ಲ... ಇಲ್ಲ ಸರ್, ಜೊತೆ ಪೈಲಟ್ ನಿದ್ದೆ ಮಾಡಿದಾನೆ ಅಂತ ನಾನು ಹಾರಿಸೋಕೆ ಆಗಲ್ಲ... ಹೌದು, ಯೋಜನೆ ತಪ್ಪಿದ್ದು ನನ್ನದೇ. ಅದಕ್ಕೆ ಏನು ಬೇಕಾದ್ರೂ ಬರೀರಿ. ಆದ್ರೆ ಫಿಟ್ ಅಂತ ನಾನು ಹೇಳಲ್ಲ."

ಮನೆಯವರ ಹೆಸರು ಅವನು ಎತ್ತಲಿಲ್ಲ. ಅದೇ ವರ್ಷ ಅವನಿಗೆ ಬೇರೆ ಪೈಲಟ್‌ಗಳಿಗೆ ಕಲಿಸುವ ಹುದ್ದೆ ಬರುವುದರಲ್ಲಿತ್ತಂತೆ, ಅದು ಬರಲಿಲ್ಲ. ಇದನ್ನು ನನಗೆ ಅವನು ಹೇಳಲಿಲ್ಲ. ಹೈದರಾಬಾದಿನಲ್ಲಿ ಅವನ ಕೋಣೆ ಹಂಚಿಕೊಂಡಿದ್ದ ಒಬ್ಬ ಪೈಲಟ್, ಹೋದ ವರ್ಷ ತಮ್ಮನ ಮಣ್ಣಿಗೆ, ಅಂತ್ಯಕ್ರಿಯೆಗೆ, ಬಂದಾಗ ಹೇಳಿದರು.

ಹರಿಹರಕ್ಕೆ ಹಿಂದಿರುಗುವಾಗ ಕಾರಿನಲ್ಲಿ ನಾವಿಬ್ಬರೇ. ಹಾವೇರಿ ದಾಟುವವರೆಗೆ ಬೈಯಲಿ ಎಂದು ಕಾಯುತ್ತಿದ್ದೆ, ಬೈಯಲಿಲ್ಲ. ಕೊನೆಗೆ ನಾನೇ ಕೇಳಿದೆ: "ಇಷ್ಟು ಓಡಾಟ ಮಾಡಿ ನಿನಗೆ ಸಿಗೋದೇನು ತಮ್ಮ? ಹೊಂದ್ತೈತೇನು ಇದು?"

"ಹೊಂದಲ್ಲ," ಎಂದ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ನನ್ನ ಕೋಣ್ಯಾಗೆ ನಾಲ್ಕು ಜನ ಹಿಂಗೇ ಓಡಾಡೋರು. ಒಬ್ರಿಗೂ ಹೊಂದಲ್ಲ. ರಜೆ ಅನ್ನೋದು ದಾರಿಯಾಗೇ ಮುಗೀತೈತೆ." ಸ್ವಲ್ಪ ದೂರ ಹೋದ ಮೇಲೆ ಹೇಳಿದ: "ಅಕ್ಕ, ನೀನೂ ನಿಮ್ಮನೆಯವ್ರೂ ಪುಟ್ಟಿನ ಕರ್ಕೊಂಡು ಹೈದರಾಬಾದಿಗೆ ಬಂದ್ಬಿಡ್ರಿ. ದೊಡ್ಡ ಮನೆ ಮಾಡಣ."

ನನ್ನ ಬಾಯಿಂದ "ನೋಡಣ" ಎಂದು ಬಂತು. ನಮ್ಮಲ್ಲಿ "ನೋಡಣ" ಅಂದರೆ ಇಲ್ಲ ಎಂದೇ. ಗಂಡನ ಅಂಗಡಿ, ಸಕ್ಕರೆ ಕಾಯಿಲೆ ಎಂದು ಕಾರಣ ಹೇಳಬಹುದಿತ್ತು. ನಿಜವಾದ ಕಾರಣ ಅದಲ್ಲ. ಎಸ್ಸೆಸ್ಸೆಲ್ಸಿ ಫೇಲಾದ ನನ್ನನ್ನು ಇಲ್ಲಿ ಇಪ್ಪತ್ತು ಹುಡುಗಿಯರು ಟೀಚರ್ ಎನ್ನುತ್ತಿದ್ದರು. ಭಾಷೆ ಬಾರದ ಊರಲ್ಲಿ ನಾನು ಅಡುಗೆ ಮಾಡಿ ಬಾಗಿಲು ಕಾಯುವವಳಾಗುತ್ತಿದ್ದೆ.

ಅವನು "ಆತು" ಎಂದ. ಆಮೇಲೆ ಎಂದೂ ಕೇಳಲಿಲ್ಲ. ಇನ್ನೂ ಆರು ವರ್ಷ ಓಡಾಡಿದ.

ವರ್ಷದ ವೈದ್ಯಕೀಯ ತಪಾಸಣೆಯಲ್ಲಿ ಇಸಿಜಿಯ ಗೆರೆ ಸರಿಯಿಲ್ಲ ಎಂದು ಅವನನ್ನು ಹಾರಾಟದಿಂದ ಕೆಳಗಿಳಿಸಿದರು. ಹೃದಯದ ಸ್ನಾಯುವೇ ಸೋತಿತ್ತು. ಐದು ತಿಂಗಳು ಮನೆಯಲ್ಲೇ ಇದ್ದ. ಪುಟ್ಟಿ ಪಿಯುಸಿಗೆ ಹೋಗಿ ಬರುವವರೆಗೆ ಜಗುಲಿಯ ಮೇಲೆ ಕೂತಿರುತ್ತಿದ್ದ. ಆಮೇಲೆ ದಾವಣಗೆರೆಯ ಆಸ್ಪತ್ರೆ. ನಿದ್ದೆಗೆಟ್ಟು ಓಡಾಡಿದ್ದಕ್ಕೇ ಹೀಗಾಯಿತೇ ಎಂದು ಡಾಕ್ಟರನ್ನು ಕೇಳಿದೆ. "ಹಂಗಂತ ಹೇಳೋಕೆ ಬರಲ್ಲಮ್ಮ, ಇಲ್ಲ ಅಂತಾನೂ ಹೇಳೋಕೆ ಬರಲ್ಲ," ಎಂದರು.

ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಾ ಅವನನ್ನೇ ಕೇಳಿಬಿಟ್ಟೆ. "ಆವತ್ತು ಕಾರಿನಾಗೆ ನಾನು ಹೂಂ ಅಂದಿದ್ರೆ?"

ಬೇರೆ ಯಾರೇ ಆಗಿದ್ದರೂ ಛೆ, ಅದಕ್ಕೂ ಇದಕ್ಕೂ ಏನು ಸಂಬಂಧ ಎನ್ನುತ್ತಿದ್ದರು. ನಾನೂ ಅದನ್ನೇ ಬಯಸಿ ಕೇಳಿದ್ದೆ. ಅವನು ಚಮಚ ಪಕ್ಕಕ್ಕೆ ಸರಿಸಿದ.

"ಸುಲಭ ಆಗ್ತಿತ್ತಕ್ಕ. ಕಾಯಿಲೆ ಬರ್ತಿತ್ತೋ ಇಲ್ವೋ ಗೊತ್ತಿಲ್ಲ. ಸುಲಭ ಅಂತೂ ಆಗ್ತಿತ್ತು."

ಸ್ವಲ್ಪ ಉಸಿರು ತಗೊಂಡು ಅವನೇ ಹೇಳಿದ:

"ಇನ್ನೊಂದ್ಸಲ ಕೇಳಿದ್ರೆ ನೀನು ಬಂದೇ ಬರ್ತಿದ್ದಿ. ಅದಕ್ಕೇ ಕೇಳ್ಲಿಲ್ಲ."

ಹೊರಗಿನಿಂದ ನರ್ಸ್ ಬಂದು ರಕ್ತದೊತ್ತಡ ನೋಡಬೇಕು, ಏಳಿ ಎಂದಳು. ಎದ್ದೆ. ಅದಾದ ಮೂರನೇ ದಿನ ಅವನು ಹೋದ.

ಕೇಳಿದ್ದರೆ ಬರುತ್ತಿದ್ದೆನೇ? ಎಷ್ಟು ಯೋಚಿಸಿದರೂ ನನಗೆ ಖಾತ್ರಿಯಾಗುವುದಿಲ್ಲ. ಅವನಿಗೆ ಖಾತ್ರಿಯಿತ್ತು.