ಎರಡನೆಯ ಗುಂಡಿನ ಸದ್ದು

ಬೆಳಕು ಇನ್ನೂ ಹರಿದಿಲ್ಲ. ಸೈಮಾ ಕೊಸ್ಕೆಲಾ ಅವರ ಮನೆಯ ಹಿಂಜಗಲಿಯಲ್ಲಿ ಸಾಲಾಗಿ ಹೊಡೆದ ಮೊಳೆಗಳಿಗೆ ಖಾಲಿ ಕೋವಿಗಳು ತೂಗುತ್ತಿವೆ. ರಾತ್ರಿಯೆಲ್ಲ ಚಳಿಗೆ ಮೈಯೊಡ್ಡಿ ನಿಂತ ಅವುಗಳ ನಳಿಗೆಗಳ ಮೇಲೆ ವಿಭೂತಿ ಬಳಿದಂತೆ ಬಿಳಿಯ ಪುಡಿ ಕೂತಿದೆ. ಸೈಮಾ ಒಂದನ್ನು ಇಳಿಸಿಕೊಂಡು, ಬೆರಳು ತುದಿ ಕತ್ತರಿಸಿದ ಕೈಗವಸು ತೊಟ್ಟು, ಹಿಮ ತುಳಿಯುತ್ತ ಮನೆಯ ಹಿಂದಿನ ಹಳೆಯ ಜಲ್ಲಿ ಗುಂಡಿಗೆ ಇಳಿಯುತ್ತಾರೆ. ಆಚೆ ದಂಡೆಯಲ್ಲಿ ಒಂದು ದೇವದಾರು ಕಂಬ. ಅದಕ್ಕೆ ಮೊಳೆ ಹೊಡೆದು ಸಿಕ್ಕಿಸಿದ ಬಿಳಿಯ ಕಾಗದದ ತಟ್ಟೆ. ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿದಾದ ಮೇಲೆ ಉಳಿದ ತಟ್ಟೆಗಳೆಲ್ಲ ಬಂದು ಸೇರುವುದು ಇಲ್ಲಿಗೇ.

ಹಲಗೆಯ ಮೇಜಿನ ಮುಂದೆ ಕೂತು ಅವರು ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ. ತುಟಿ ಅಲ್ಲಾಡುತ್ತದೆ, ದನಿ ಕೇಳುವುದಿಲ್ಲ. ಆಮೇಲೆ ಮ್ಯಾಗಝಿನ್‌ಗೆ ತೋಟಾ ತುಂಬಿ, ಅದು ಖಾಲಿಯಾಗುವವರೆಗೆ ಒಂದೊಂದಾಗಿ ಗುಂಡು ಹಾರಿಸುತ್ತಾರೆ. ಬೇರೆ ಯಾರಾದರೂ ಆಗಿದ್ದರೆ ಎದ್ದು ತಟ್ಟೆಯ ಕಡೆ ನಡೆಯುತ್ತಿದ್ದರು. ಸೈಮಾ ತಟ್ಟೆಯತ್ತ ತಲೆಯೆತ್ತಿಯೂ ನೋಡುವುದಿಲ್ಲ. ಬಗ್ಗಿ, ಹಿಮದಲ್ಲಿ ಬಿದ್ದು ಇನ್ನೂ ಹೊಗೆಯಾಡುತ್ತಿರುವ ಹಿತ್ತಾಳೆಯ ಖಾಲಿ ತೋಟಾಗಳನ್ನು ಹೆಕ್ಕುತ್ತಾರೆ. ಎಲ್ಲವೂ ಒಂದೇ ಕಡೆ ಬಿದ್ದವೇ, ಯಾವುದರ ಅಂಚಾದರೂ ತರಚಿದೆಯೇ ಎಂದು ಬೆರಳಲ್ಲಿ ಸವರಿ ನೋಡುತ್ತಾರೆ.

"ತಟ್ಟೆ ಎಲ್ಲಿಗೂ ಓಡಿ ಹೋಗಲ್ಲ. ಮೊದ್ಲು ಕೋವಿ ಏನ್ ಹೇಳತ್ತೆ ಅಂತ ಕೇಳ್ಬೇಕು" ಎನ್ನುತ್ತಾರೆ. "ಬೆಚ್ಚಗಿರೋ ಕೋಣೇಲಿ ಎಲ್ಲಾ ಕೋವೀನೂ ಒಳ್ಳೇದೇ. ಅದಕ್ಕೇ ರಾತ್ರಿಯೆಲ್ಲಾ ಆಚೆ ಇಡೋದು. ಚಳೀಲಿ ಅದರ ಬುದ್ಧಿ ಗೊತ್ತಾಗತ್ತೆ."

ಸೂಪೀರಿಯರ್ ಸರೋವರದ ತೆಂಕಣ ದಂಡೆಯ ಮಿಷಿಗನ್ನಿನ ಈ ಕಾಡುಸೀಮೆಯಲ್ಲಿ ನವೆಂಬರದ ನಡುವಿಗೆ ಎರಡು ವಾರದ ಜಿಂಕೆ ಬೇಟೆ ಆರಂಭವಾಗುತ್ತದೆ. ಅಂದು ಶಾಲೆಗೆ ರಜೆ. ಅಂಗಡಿ ಮುಂಗಟ್ಟುಗಳೂ ಅರೆಬಾಗಿಲು. ಫಿನ್‌ಲೆಂಡಿನಿಂದ ಬಂದ ಅಜ್ಜಂದಿರು ಕಾಡಿನ ನಡುವೆ ಕಟ್ಟಿಟ್ಟು ಹೋದ ಮರದ ಬಿಡಾರಗಳಲ್ಲಿ ಒಲೆ ಹೊತ್ತುತ್ತದೆ. ಆ ಚಳಿಗಾಲದ ಮಾಂಸವೆಲ್ಲ ಆ ಎರಡು ವಾರಗಳಲ್ಲಿ ಮನೆ ಸೇರಬೇಕು. ದೊಡ್ಡ ಕೊಂಬಿನ ಜಿಂಕೆ ಹೊಡೆದವನ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಹೋಟೆಲಿನ ಮುಂದಿನ ಕಂಬಕ್ಕೆ ಜಿಂಕೆಯನ್ನು ತೂಗುಹಾಕಿ ಊರೆಲ್ಲ ನೋಡುತ್ತದೆ. ಆ ಕೋವಿಯನ್ನು ಹದಗೊಳಿಸಿದ ಕೈ ಯಾರದೆಂದು ಯಾರೂ ಕೇಳುವುದಿಲ್ಲ. ಕೇಳಬೇಕೆಂದು ಸೈಮಾ ಅವರಿಗೂ ಅನ್ನಿಸಿದಂತಿಲ್ಲ.

ಎಪ್ಪತ್ತರ ಆಸುಪಾಸಿನ ಈ ಹೆಂಗಸು ನಿವೃತ್ತಿಯವರೆಗೆ ಶಾಲೆಯ ಅಡುಗೆಮನೆಯಲ್ಲಿದ್ದವರು. ಹಗಲು ಮಕ್ಕಳಿಗೆ ಸೂಪು, ಸಂಜೆ ಕೋವಿ ರಿಪೇರಿ. ಊರಿನ ಹಾರ್ಡ್‌ವೇರ್ ಅಂಗಡಿಯ ಮೂಲೆಯಲ್ಲಿ ಕೂರುತ್ತಿದ್ದ ಮುದುಕನೊಬ್ಬನ ಬಳಿ ಹುಡುಗಿಯಾಗಿದ್ದಾಗ ಕಲಿತ ವಿದ್ಯೆ ಅದು. ಮುದುಕ ಹೋದ ಮೇಲೆ ಆತನ ಅರಗಳು, ಉಳಿಗಳೆಲ್ಲ ಇವರ ಹಿತ್ತಿಲ ಕೊಟ್ಟಿಗೆಗೆ ಬಂದವು. ಹಸುಗಳಿದ್ದ ಕೊಟ್ಟಿಗೆ. ಈಗಲೂ ಮಳೆ ಬಂದರೆ ಹುಲ್ಲಿನ ವಾಸನೆ ಏಳುತ್ತದೆ.

ಅವರ ಕೈಗೆ ಬರುವುದು ಹೆಚ್ಚಾಗಿ ತನ್ನಷ್ಟಕ್ಕೆ ತಾನೇ ತುಂಬಿಕೊಳ್ಳುವ ಬೇಟೆ ಕೋವಿಗಳು. ಕುದುರೆ, ಅಂದರೆ ಟ್ರಿಗರ್, ಎಳೆದರೆ ಒಂದು ಗುಂಡು ಹಾರುತ್ತದೆ. ಆ ಸಿಡಿತದ ಬಿಸಿಗಾಳಿಯೇ ಬೋಲ್ಟ್ ಎಂಬ ಕಬ್ಬಿಣದ ತುಂಡನ್ನು ಹಿಂದಕ್ಕೆ ತಳ್ಳಿ, ಖಾಲಿ ತೋಟಾವನ್ನು ಹೊರಗೆಸೆದು, ಹೊಸದನ್ನು ಗೂಡಿಗೆ ಕೂರಿಸುತ್ತದೆ. ಬೇಟೆಗಾರ ಮತ್ತೆ ಕುದುರೆ ಎಳೆದರಾಯಿತು. ತೋಟಾ ಕೂರುವ ಆ ಗೂಡು ಬಿಗಿಯಾಗಿದ್ದಷ್ಟೂ ಗುಂಡು ನೆಟ್ಟಗೆ ಹೊರಡುತ್ತದೆ, ಗುರಿ ಸೂಜಿಮೊನೆಯಂತೆ ಕೂರುತ್ತದೆ. ಆದರೆ ಬಿಗಿ ಗೂಡಿಗೆ ಒಂದಿಷ್ಟು ಮಸಿ, ಒಂದು ಹನಿ ಮಂಜು ಸೇರಿದರೂ ಮುಂದಿನ ತೋಟಾ ಬಾಗಿಲಲ್ಲೇ ನಿಂತುಬಿಡುತ್ತದೆ. ಸಡಿಲ ಮಾಡಿದರೆ ತೋಟಾ ಸಲೀಸಾಗಿ ಹೋಗುತ್ತದೆ, ಗುರಿ ಕೊಂಚ ಚದುರುತ್ತದೆ. ಗುರಿಯೂ ಬೇಕು, ನೆಚ್ಚಿಕೆಯೂ ಬೇಕು. ಎರಡರ ನಡುವೆ ಕೂದಲೆಳೆಯಷ್ಟು ಜಾಗ. ಸೈಮಾ ಅವರ ಆಯುಷ್ಯವೆಲ್ಲ ಆ ಎಳೆಯಷ್ಟು ಜಾಗದಲ್ಲೇ ಕಳೆದಿದೆ.

ಮರದ ದಿಮ್ಮಿ ಸಾಗಿಸುವ ಲಾರಿಯ ವರ್ನರ್ ನಾರ ತಮ್ಮ ಕೋವಿ ಒಯ್ಯಲು ಬಂದಿದ್ದಾರೆ. ಸೈಮಾ ಜೊತೆ ಒಂದೇ ಬೆಂಚಿನಲ್ಲಿ ಓದಿದವರು. ತಟ್ಟೆಯ ತೂತುಗಳನ್ನು ನೋಡಿ ಮುಖ ಸಿಂಡರಿಸುತ್ತಾರೆ.

"ಏನ್ ಮಾರಾಯ್ತಿ ಇದು? ಪೇಟೆಯವನು ಕಾಸಿನಗಲದಲ್ಲಿ ಕೂರಿಸಿ ಕೊಡ್ತಾನಂತೆ. ನೀನು ಅಂಗೈಯಗಲ ಮಾಡಿದ್ದೀಯ."

"ಜಿಂಕೆ ಎದೆ ಎಷ್ಟಗಲ ವರ್ನರ್?"

"ತಟ್ಟೆಯಷ್ಟು."

"ಮತ್ತೆ ಕಾಸು ಯಾಕೆ? ಜಿಂಕೆಗೆ ಕಾಣಿಕೆ ಹಾಕ್ತೀಯಾ?"

"ನಿನ್ ಕೈಗೆ ಕೊಟ್ರೆ ಕೋವಿ ಸಡಿಲ ಆಗತ್ತೆ ಅಂತಾರಪ್ಪ ಊರಲ್ಲಿ."

"ಆಗತ್ತೆ. ಹೋದ ವರ್ಷ ನಿನ್ ಹೆಂಡ್ತಿ ನಿನ್ ಪ್ಯಾಂಟಿನ ಸೊಂಟ ಸಡಿಲ ಮಾಡಿದ್ಮೇಲೆ ತಾನೇ ನೀನು ಚರ್ಚಲ್ಲಿ ಉಸಿರಾಡ್ಕೊಂಡು ಕೂರೋಕಾಗಿದ್ದು?"

ವರ್ನರ್ ಕಿತ್ತಳೆ ಬಣ್ಣದ ಉಣ್ಣೆ ಟೊಪ್ಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ನಗುತ್ತಾರೆ. ಕೋವಿಯನ್ನು ಹೆಗಲಿಗೇರಿಸಿ ಬಾಗಿಲಿನವರೆಗೆ ಹೋದವರು, ಜಗಲಿಯ ಕೊನೆಯ ಮೊಳೆಯ ಕಡೆ ನೋಡಿ ದನಿ ತಗ್ಗಿಸುತ್ತಾರೆ. "ಈ ವರ್ಷನಾದ್ರೂ ಸುದ್ದಿ ಏನಾದ್ರೂ?"

"ಇಲ್ಲ" ಎನ್ನುತ್ತಾರೆ ಸೈಮಾ. ವರ್ನರ್ ತಲೆಯಾಡಿಸಿ ಹೊರಡುತ್ತಾರೆ.

ಕೊನೆಯ ಮೊಳೆಯಲ್ಲಿರುವುದು ಯಾವ ಗಿರಾಕಿಯದೂ ಅಲ್ಲ. ಸೈಮಾ ಅವರ ತಂದೆ ಹೈಕ್ಕಿಯವರ ಕೋವಿ. ಹಿಡಿಯ ಮರ ಅಪ್ಪನ ಕೆನ್ನೆ ತಾಗಿ ತಾಗಿ ಒಂದೆಡೆ ಕಪ್ಪಾಗಿದೆ. ಮೂವತ್ತು ವರ್ಷಕ್ಕೂ ಹಿಂದೆ ಹೈಕ್ಕಿ ಅದನ್ನು ಮಗ ಅರ್ವೊ ಕೈಗಿತ್ತು, "ಇನ್ನು ನಿಂದು" ಎಂದಿದ್ದರಂತೆ. ಸೈನ್ಯದಿಂದ ಗುರಿ ತಪ್ಪದವನೆಂಬ ಹೆಸರು ಹೊತ್ತು ಮರಳಿದ್ದ ಅರ್ವೊ ಅಕ್ಕನ ಬೆನ್ನು ಬಿದ್ದರು: ಹೊಸ ನಳಿಗೆ ಹಾಕು, ಗೂಡು ಬಿಗಿ ಮಾಡು, ಕಾಸಿಗೆ ಹೊಡೆಯುವಂತೆ ಮಾಡು.

"ಅವ್ನು ಕೇಳ್ದ, ನಂಗೂ ಆಸೆ ಆಯ್ತು" ಎನ್ನುತ್ತಾರೆ ಸೈಮಾ. "ಅಂಥ ಕೆಲ್ಸ ನಾನು ಅದಕ್ಕೆ ಮುಂಚೆ ಮಾಡಿರ್ಲಿಲ್ಲ, ಆಮೇಲೂ ಮಾಡಿಲ್ಲ. ಎಲ್ಲಾ ಗುಂಡೂ ಒಂದೇ ತೂತಲ್ಲಿ ಹೋದ್ವು. ಆ ತಟ್ಟೆ ಬಿಡಾರದ ಒಲೆ ಮೇಲೆ ಇನ್ನೂ ಇದೆ, ಹೊಗೆ ಹಿಡ್ದು."

ಬೇಟೆಯ ಹಿಂದಿನ ಸಂಜೆ ಈ ಸೀಮೆಯವರೆಲ್ಲ ಸೌನಾ ಮಾಡುತ್ತಾರೆ. ಕಾದ ಕಲ್ಲಿಗೆ ನೀರೆರೆದು, ಆವಿಯಲ್ಲಿ ಬೆವರಿ, ಮೈಮನಸ್ಸು ತೊಳೆದುಕೊಂಡು ಮರುದಿನ ಕಾಡಿಗೆ ಹೋಗುವುದು ವಾಡಿಕೆ. ಆ ವರ್ಷದ ಆ ಸಂಜೆ ಅರ್ವೊ ಕೋವಿಯ ಮೇಲೆ ಹಿಮ ಬಿದ್ದು ಒದ್ದೆಯಾಗಿತ್ತು. ಒಣಗಲಿ ಎಂಬ ಅಕ್ಕರೆಯಿಂದ ಅವರು ಅದನ್ನು ಸೌನಾದ ಹೊರಕೋಣೆಯಲ್ಲಿ, ಟವೆಲು ಹಾಕುವ ಗೂಟಕ್ಕೆ ತಗುಲಿಸಿದರು. ಬಾಗಿಲು ತೆರೆದಾಗಲೆಲ್ಲ ಆವಿ ಹೊರಬಂದು ಕೋವಿಯ ಕರುಳಿಗಿಳಿಯಿತು. ಮೇಲೆ ಒಣಗಿದಂತೆ ಕಂಡ ಕಬ್ಬಿಣದ ಒಳಗೆ, ನಸುಕಿನ ಚಳಿಯಲ್ಲಿ, ಆ ಆವಿ ಮಂಜುಗಡ್ಡೆಯಾಗಿ ಕೂತಿತು.

ಅಪ್ಪ ಮಗ ಗುಡ್ಡದ ಮೇಲೆ, ಸೈಮಾ ಕೆಳಗಿನ ಹಾದಿಯಲ್ಲಿ. ಬೆಳಕು ಬಿಟ್ಟು ಸ್ವಲ್ಪ ಹೊತ್ತಿಗೆ ಗುಡ್ಡದಿಂದ ಒಂದು ಗುಂಡಿನ ಸದ್ದು ಬಂತು.

"ಒಂದು ಕೇಳಿಸ್ತು. ಎರಡ್ನೇದಕ್ಕೆ ಕಾದೆ. ಅರ್ವೊ ಯಾವತ್ತೂ ಹಂಗೇ, ಮೊದಲ್ನೇದು ಸರಿಯಾಗಿ ಬೀಳ್ಲಿಲ್ಲ ಅಂದ್ರೆ ಕಣ್ಣು ಮಿಟುಕಿಸೋದ್ರಲ್ಲಿ ಇನ್ನೊಂದು. ಬರ್ಲಿಲ್ಲ. ಕಾಡು ಸುಮ್ನೆ ಇತ್ತು."

ಜಿಂಕೆ ಹೆಜ್ಜೆಯಿಟ್ಟಿದ್ದರಿಂದ ಮೊದಲ ಗುಂಡು ಹೊಟ್ಟೆಗೆ ಬಿದ್ದಿತ್ತು. ಮಂಜಿನಿಂದ ಮಂದವಾದ ಬೋಲ್ಟು ಎರಡನೆಯ ತೋಟಾವನ್ನು ಆ ಬಿಗಿ ಗೂಡಿಗೆ ತಳ್ಳಲಾರದೆ ಕೂದಲೆಳೆ ದೂರದಲ್ಲಿ ನಿಂತಿತು. ಗಾಯಗೊಂಡ ಜಿಂಕೆ ದೇವದಾರುಗಳ ಜೌಗಿಗೆ ಇಳಿಯಿತು. ನರಳುವ ಜೀವವನ್ನು ಬಿಟ್ಟು ಬರುವುದು ಹೈಕ್ಕಿಯವರಿಗೆ ಪಾಪ. ಮಗ ಬೇಡವೆಂದರೂ ಕೇಳದೆ ಅವರೇ ನೆತ್ತರ ಜಾಡು ಹಿಡಿದು ಹೋದರು. ಇಳಿಹೊತ್ತಿಗೆ ಅದರ ನೋವು ಮುಗಿಸಿ ಬಂದರು. ಆದರೆ ಜೌಗಿನ ನೀರು ಬೂಟಿನೊಳಗೆ ಹೆಪ್ಪುಗಟ್ಟಿತ್ತು. ಕಾಲ್ಬೆರಳುಗಳು ಹೋದವು. ಅವರು ಮತ್ತೆ ಕಾಡಿಗೆ ಹೋಗಲಿಲ್ಲ. ಪ್ರತಿ ನವೆಂಬರದಲ್ಲೂ ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು ಗುಡ್ಡದ ಕಡೆ ನೋಡುತ್ತ ಕೂರುತ್ತಿದ್ದರು.

"ಅಪ್ಪ ಬೈದಿದ್ರೆ ಚೆನ್ನಾಗಿತ್ತು. ಬೈಲಿಲ್ಲ. ನಾವಿಬ್ರೇ ಬೈದಾಡ್ಕೊಂಡ್ವಿ. ಬಿಗಿ ಮಾಡಿದ್ದು ನೀನು ಅಂದ ಅವ್ನು. ಸೌನಾಕ್ಕೆ ತಗೊಂಡು ಹೋಗಿದ್ದು ನೀನು ಅಂದೆ ನಾನು. ಇಬ್ರು ಹೇಳಿದ್ದೂ ನಿಜಾನೇ, ಅದೇ ಕಷ್ಟ ಆಗಿದ್ದು."

ಹಿಮ ಕರಗುವ ಹೊತ್ತಿಗೆ ಅರ್ವೊ ಕೋವಿಯನ್ನು ಇಲ್ಲೇ ಬಿಟ್ಟು ಅರಿಜೋನಾಕ್ಕೆ ಹೊರಟುಹೋದರು. ಹಿಮವೂ ಇಲ್ಲದ, ಮಂಜೂ ಇಲ್ಲದ ಮರಳುಸೀಮೆ. ಎಷ್ಟು ಬಿಗಿ ಕೋವಿಯೂ ಅಲ್ಲಿ ತಡವರಿಸುವುದಿಲ್ಲ. ಅಪ್ಪನ ಮಣ್ಣಿಗೆ ಬಂದವರು ಕಾಫಿಗೂ ನಿಲ್ಲಲಿಲ್ಲ. ಕ್ರಿಸ್‌ಮಸ್ಸಿಗೆ ಫೋನು ಮಾಡುತ್ತಾರೆ. ಇಲ್ಲಿ ಹಿಮ ಎಷ್ಟು, ಅಲ್ಲಿ ಬಿಸಿಲು ಎಷ್ಟು; ಅಷ್ಟೇ ಮಾತು.

ಅರ್ವೊ ಊರು ಬಿಟ್ಟ ವರ್ಷವೇ ಸೈಮಾ ಆ ಕೋವಿಯನ್ನು ಬಿಚ್ಚಿ, ಕೈಯುಳಿಯಿಂದ ಗೂಡನ್ನು ಎಳೆಯಷ್ಟು ಸಡಿಲ ಮಾಡಿದರು. ಕಾಸಿನ ಗುರಿ ಹೋಯಿತು. ಅಂದಿನಿಂದ ಪ್ರತಿ ವರ್ಷ ಬೇಟೆಗೆ ಮುಂಚೆ ಅದನ್ನು ಚಳಿಗಿಟ್ಟು, ನಸುಕಿನಲ್ಲಿ ಪರೀಕ್ಷಿಸಿ, ಚಳಿಗೆ ಗಟ್ಟಿಯಾಗುವ ಎಣ್ಣೆಯನ್ನೆಲ್ಲ ಒರೆಸಿ ಒಣಗಿಸಿ ಕೊನೆಯ ಮೊಳೆಗೆ ತೂಗುಹಾಕುತ್ತಾರೆ. ಬಿಡಾರದಲ್ಲಿ ಅರ್ವೊ ಮಲಗುತ್ತಿದ್ದ ಕೆಳಗಿನ ಮಂಚದ ಕಂಬಳಿ ಕೊಡವಿ ಮಡಿಸಿಡುತ್ತಾರೆ. ಬೇಟೆ ಮುಗಿದ ಮೇಲೆ ಕೋವಿ, ಕಂಬಳಿ ಎರಡನ್ನೂ ಮನೆಯೊಳಗೆ ತರುತ್ತಾರೆ.

ನಾಳೆ ಬೇಟೆಯ ಮೊದಲ ದಿನ. ಕೊಟ್ಟಿಗೆಯಲ್ಲಿ ಏಲಕ್ಕಿ ಬ್ರೆಡ್ಡು, ಕಾಫಿ ಪಕ್ಕಕ್ಕಿಟ್ಟುಕೊಂಡು ಬಟ್ಟೆಯಲ್ಲಿ ಕೋವಿಯೊಂದನ್ನು ಒರೆಸುತ್ತಿರುವಾಗ ಫೋನು ಹೊಡೆದುಕೊಳ್ಳುತ್ತದೆ. ಕೈಯೆಲ್ಲ ಎಣ್ಣೆ, ಸೈಮಾ ಮೊಣಕೈಯಿಂದ ಸ್ಪೀಕರಿನ ಗುಂಡಿ ಒತ್ತುತ್ತಾರೆ.

"ಅಕ್ಕಾ."

ಕ್ರಿಸ್‌ಮಸ್ಸು ಇನ್ನೂ ದೂರವಿದೆ. ಸೈಮಾ ಕುರ್ಚಿಯ ಬೆನ್ನು ಹಿಡಿದುಕೊಳ್ಳುತ್ತಾರೆ. "ಏನೋ, ಹುಷಾರಾಗಿದ್ದೀಯ ತಾನೇ?"

"ಇದ್ದೀನಿ. ಹಿಮ ಎಷ್ಟು?"

"ಮೊಣಕಾಲಿಗೆ. ಅಲ್ಲಿ?"

"ಅಂಗಿ ಬಿಚ್ಚಿ ಜಗಲೀಲಿ ಕೂತಿದ್ದೀನಿ."

"ಈ ವಯಸ್ಸಲ್ಲಿ? ನೋಡೋರ ಕಣ್ಣಿಗೆ ಕರುಣೆ ತೋರ್ಸೋ."

ಆಚೆಯಿಂದ ನಗು. ಆಮೇಲೆ: "ಅಪ್ಪನ ಕೋವಿ ಇದ್ಯಾ?"

"ಇದೆ."

"ಹೆಂಗೆ ಹೊಡೆಯತ್ತೆ?"

"ತಟ್ಟೆಗೆ ಬೀಳತ್ತೆ."

"ತಟ್ಟೆಗಾ! ಕಾಸಿಗೆ ಬೀಳ್ತಿತ್ತಲ್ಲೇ ಅದು."

"ಈಗ ತಟ್ಟೆಗೇ. ಆದ್ರೆ ಒಂದೂ ನಿಲ್ಲಲ್ಲ. ಎಂಥ ಚಳೀಲೂ."

"ನಂಗೂ ಈಗ ಕಾಸು ಕಾಣಲ್ಲ ಬಿಡು, ಕಣ್ಣು ಮಂಜು" ಎನ್ನುತ್ತದೆ ದನಿ. "ತಟ್ಟೆ ಕಾಣತ್ತೆ."

"ಬಿಡಾರದ ದಾರಿ ಹಿಮ ತೆಗ್ದಿದಾರೆ" ಎನ್ನುತ್ತಾರೆ ಸೈಮಾ, ಯಾವುದೋ ಊರ ಸುದ್ದಿ ಹೇಳುವಂತೆ.

ಒಲೆಯಲ್ಲಿ ಕೊರಡು ಜಾರಿ ಕೆಂಡ ಚೆಲ್ಲುತ್ತದೆ.

"ಅಕ್ಕಾ, ಅದನ್ನ ಒಳಗೆ ತರ್ಬೇಡ. ಆಚೇನೇ ಇರ್ಲಿ. ಸೌನಾ ಹತ್ರ ಅಂತೂ ಬೇಡವೇ ಬೇಡ."

ಸೈಮಾ ಕೈಯಲ್ಲಿದ್ದ ಬಟ್ಟೆ ನಿಲ್ಲುತ್ತದೆ. ಇಷ್ಟು ವರ್ಷ ಇಬ್ಬರ ನಡುವೆ ಯಾರೂ ಎತ್ತದೆ ಬಿದ್ದಿದ್ದ ಮಾತು ಅದು.

"ಆಯ್ತು ಕಣೋ" ಎನ್ನುತ್ತಾರೆ. ಆಮೇಲೆ, "ಬಿಗಿ ಮಾಡಿದ್ದು ನಾನು."

"ಕೇಳಿದ್ದು ನಾನು" ಎನ್ನುತ್ತದೆ ದನಿ. ಫೋನು ಕಟ್ಟಾಗುತ್ತದೆ.

ಸೈಮಾ ತುಂಬ ಹೊತ್ತು ಕೈ ಒರೆಸಿಕೊಳ್ಳುತ್ತಾರೆ. ಬಿಸಿ ಆರಿದ ಕಾಫಿಯನ್ನು ಹಾಗೇ ಕುಡಿಯುತ್ತಾರೆ. ಜಗಲಿಗೆ ಹೋಗಿ ಕೊನೆಯ ಮೊಳೆಯ ಕೋವಿಯ ಬೋಲ್ಟನ್ನು ಒಮ್ಮೆ ಹಿಂದಕ್ಕೆಳೆದು ಬಿಡುತ್ತಾರೆ. ಅದು ಚಳಿಯಲ್ಲೂ ಸಲೀಸಾಗಿ, ಮನೆಯ ಬಾಗಿಲು ಮುಚ್ಚಿದ ಹಾಗೆ, ಪೂರ್ತಿ ಹೋಗಿ ಕೂರುತ್ತದೆ. ಆ ಸದ್ದಿಗೆ ಅವರು ತಲೆದೂಗುತ್ತಾರೆ. ದೂರದಲ್ಲಿ ಗುಡ್ಡದ ಮೇಲೆ ದಿನದ ಕೊನೆಯ ಬೆಳಕಿದೆ.

ಅರ್ವೊ ಬರುತ್ತಾರೆಯೇ ಎಂದರೆ ದೇವರೇ ಬಲ್ಲ ಎಂಬಂತೆ ಕೈ ತೋರಿಸುತ್ತಾರೆ. ನಾಳೆಯಲ್ಲದಿದ್ದರೆ ಈ ಎರಡು ವಾರದಲ್ಲಿ, ಇಲ್ಲದಿದ್ದರೆ ಮುಂದಿನ ವರ್ಷ. ಕೋವಿ ಮಾತ್ರ ಮೊಳೆಯ ಮೇಲಿರುತ್ತದೆ.

"ಜಿಂಕೆ ಬೀಳ್ದಿದ್ರೂ ಪರವಾಗಿಲ್ಲ ನಂಗೆ. ಬಂದು ಈ ಗುಂಡೀಲಿ ಕೂತು ಚರ್ಚಿನ ತಟ್ಟೆಗೇ ಹೊಡೀಲಿ. ನಾನು ಕೊಟ್ಟಿಗೆ ಒಳಗೇ ಇರ್ತೀನಿ, ನೋಡೋಕೂ ಬರಲ್ಲ" ಎನ್ನುತ್ತಾರೆ ಸೈಮಾ, ನಳಿಗೆಯ ಮೇಲಿನ ಹಿಮಪುಡಿಯನ್ನು ಅಂಗೈಯಲ್ಲಿ ಸವರುತ್ತ. "ಮೊದಲ್ನೇ ಗುಂಡು ಅವತ್ತೇ ಕೇಳಿ ಆಗಿದೆ. ಎರಡ್ನೇದು ಇನ್ನೂ ಕೇಳ್ಬೇಕು."